ಜಾತಕವಿಲ್ಲದ ಹಾವಿಗೆ ವಿಮಾನವಿಲ್ಲ

ಹಾವನ್ನು ವಿಮಾನಕ್ಕೆ ಕಟ್ಟುವ ಕೆಲಸ ನೋಡಲು ಬಲು ಸರಳ. ದಿಂಬಿನ ಕವರಿನಷ್ಟು ದೊಡ್ಡದೊಂದು ಹತ್ತಿಬಟ್ಟೆಯ ಚೀಲ ಬೇಕು. ಅದನ್ನು ಒಳಗಿನದು ಹೊರಗೆ ಬರುವಂತೆ ತಿರುವಿ ಹಾಕಬೇಕು. ಹೊಲಿಗೆಯ ದಾರದ ಎಳೆಗಳು ಹೊರಗಡೆ ಉಳಿದರೆ ಹಾವಿನ ಹಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಹಾವು ಒಳಗೆ ಸುರುಳಿ ಸುತ್ತಿ ಸುಮ್ಮನಾದ ಮೇಲೆ ಚೀಲದ ಬಾಯಿ ತಿರುಚಿ, ಬಾಲದ ತುದಿ ಗಂಟಿಗೆ ಸಿಕ್ಕಿಲ್ಲವೆಂದು ತಡವಿ ನೋಡಿ, ಬಿಗಿಯಾಗಿ ಕಟ್ಟಬೇಕು. ಆ ಚೀಲ ಗಾಳಿಗೆ ತೂತುಗಳಿರುವ ಗಟ್ಟಿ ಪೆಟ್ಟಿಗೆಯೊಳಗೆ ಕೂರುತ್ತದೆ, ಸುತ್ತ ಚಳಿ ತಡೆಯಲು ಥರ್ಮೋಕೋಲ್. ಪೆಟ್ಟಿಗೆಯ ಮೈಮೇಲೆ ‘ಜೀವಂತ ಪ್ರಾಣಿ’ ಎಂಬ ಚೀಟಿ, ಮೇಲ್ಮುಖದ ಬಾಣ, ಹಾವಿನ ರೂಢಿಯ ಹೆಸರು, ವೈಜ್ಞಾನಿಕ ಹೆಸರು, ಒಳಗೆ ಎಷ್ಟಿವೆ ಎಂಬ ಲೆಕ್ಕ. ಹೊರಡುವ ಮುಂಚಿನ ಕೆಲವು ದಿನ ಉಪವಾಸ, ಏಕೆಂದರೆ ಹೊಟ್ಟೆ ತುಂಬಿದ ಹಾವು ದಾರಿಯಲ್ಲಿ ಕಕ್ಕಿಬಿಡುತ್ತದೆ. ಬೊಗಳುವುದಿಲ್ಲ, ಪೆಟ್ಟಿಗೆ ಕೆರೆಯುವುದಿಲ್ಲ, ನೀರು ಕೊಡಿ ಎನ್ನುವುದಿಲ್ಲ. ಇದಕ್ಕಿಂತ ಸಾಧು ಪ್ರಯಾಣಿಕ ಸಿಗುವುದು ಕಷ್ಟ.

ಪೆಟ್ಟಿಗೆ ಸಿದ್ಧವಾಗಲು ಅರ್ಧ ಗಂಟೆ ಸಾಕು. ಅದರ ಜೊತೆ ಹೋಗಬೇಕಾದ ಕಾಗದಗಳಿಗೆ ಆರು ತಿಂಗಳೂ ಸಾಲದೆ ಹೋಗಬಹುದು.

ಡಲ್ಲಾಸಿನಲ್ಲಿ ಹತ್ತು ವರ್ಷ ಇದ್ದು ಬೆಂಗಳೂರಿಗೆ ವಾಪಸು ಹೊರಟ ಒಂದು ಕನ್ನಡ ಸಂಸಾರ ಎಂದಿಟ್ಟುಕೊಳ್ಳಿ. ಸೋಫಾ ಮಾರಿಯಾಗಿದೆ, ಕಾರು ಪರಿಚಯದವರ ಪಾಲಾಗಿದೆ, ಪಾತ್ರೆಪಗಡ ಹಡಗು ಹತ್ತಿದೆ. ಉಳಿದಿರುವುದು ಹೈಸ್ಕೂಲು ಓದುವ ಮಗನ ಕೋಣೆಯ ಗಾಜಿನ ಪೆಟ್ಟಿಗೆ, ಅದರೊಳಗೆ ನಾಲ್ಕಡಿ ಉದ್ದದ ಬಾಲ್ ಪೈಥಾನ್. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿಕೊಂಡು ಚೆಂಡಿನಂತೆ ಮುದುಡುತ್ತದೆ, ಅದಕ್ಕೇ ಆ ಹೆಸರು. ವಿಷವಿಲ್ಲದ ಹಾವು, ಹೆಬ್ಬಾವುಗಳ ಬಳಗದಲ್ಲಿ ಗಿಡ್ಡ. ಮೂಲ ಘಾನಾ, ಟೋಗೊ, ಬೆನಿನ್ ಕಡೆಯ ಪಶ್ಚಿಮ ಆಫ್ರಿಕಾ. ಈಗ ಅಮೆರಿಕದ ಸಾಕಣೆದಾರರ ಮನೆಗಳಲ್ಲೇ ಬಗೆಬಗೆಯ ಬಣ್ಣಗಳಲ್ಲಿ ಮರಿಯಾಗುತ್ತದೆ. ರಾಜಾಜಿನಗರದಲ್ಲಿರುವ ಅಜ್ಜಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರೇ. ಆದರೆ ಮನೆಯೊಳಗೆ ಹಾವು ಎಂದರೆ ಏನನ್ನುತ್ತಾರೋ! ಅಜ್ಜಿಗಿಂತ ಮೊದಲು ಒಪ್ಪಿಸಬೇಕಾದವರ ಸಾಲೇ ಉದ್ದವಿದೆ.

ಸಾಲಿನ ಮೊದಲಲ್ಲಿ ಇರುವುದು ಸೈಟ್ಸ್. ಅಳಿವಿನ ಅಂಚಿಗೆ ಬಂದ ಪ್ರಾಣಿ, ಸಸ್ಯಗಳು ದೇಶದಿಂದ ದೇಶಕ್ಕೆ ಮಾರಾಟವಾಗುವುದಕ್ಕೆ ಕಡಿವಾಣ ಹಾಕಲು 1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದ ಇದು. 1975ರಲ್ಲಿ ಜಾರಿಗೆ ಬಂತು, ಮರುವರ್ಷ ಭಾರತವೂ ಸೇರಿತು. ಇದರಲ್ಲಿ ಮೂರು ಅನುಬಂಧಗಳಿವೆ. ಒಂದನೆಯದರಲ್ಲಿ ಹೆಸರು ಬಂದರೆ ಕಾಡಿನಿಂದ ಹಿಡಿದದ್ದನ್ನು ಮಾರಲು ಗಡಿ ದಾಟಿಸುವ ಮಾತೇ ಇಲ್ಲ. ಎರಡನೆಯದರಲ್ಲಿದ್ದರೆ ಹೊರಡುವ ದೇಶದ ಪರವಾನಗಿ ಇಲ್ಲದೆ ಕದಲುವಂತಿಲ್ಲ. ಮೂರನೆಯದು ಒಂದು ದೇಶ ‘ನಮ್ಮಲ್ಲಿ ಇದಕ್ಕೆ ರಕ್ಷಣೆ ಇದೆ, ನೀವೂ ಒಂದು ಕಣ್ಣಿಡಿ’ ಎಂದು ಉಳಿದವರನ್ನು ಕೇಳಿಕೊಂಡ ಪಟ್ಟಿ. ಬಾಲ್ ಪೈಥಾನ್ ಎರಡನೆಯದರಲ್ಲಿದೆ. ‘ನಾವು ಮಾರುತ್ತಿಲ್ಲವಲ್ಲ, ಸಾಕಿದ್ದನ್ನು ಮನೆಗೆ ಒಯ್ಯುತ್ತಿದ್ದೇವೆ’ ಎಂದು ವಾದಿಸಿ ಫಲವಿಲ್ಲ. ಸೈಟ್ಸ್ ಭಾಷೆಯಲ್ಲಿ ರಫ್ತು, ಆಮದು, ಮರುರಫ್ತು ಎಲ್ಲವೂ ವ್ಯಾಪಾರವೇ, ಕೈಯಿಂದ ಕೈಗೆ ಒಂದು ಕಾಸು ದಾಟದಿದ್ದರೂ. ಸ್ವಂತ ಬಳಕೆಯ ಸಾಮಾನಿಗೆ ಒಪ್ಪಂದದಲ್ಲಿ ಒಂದು ರಿಯಾಯಿತಿ ಇದೆ ನಿಜ. ಆದರೆ ಹಲವು ದೇಶಗಳು ಉಸಿರಾಡುವ ಪ್ರಾಣಿಯನ್ನು ಆ ‘ಸಾಮಾನು’ಗಳಲ್ಲಿ ಲೆಕ್ಕ ಹಿಡಿಯುವುದಿಲ್ಲ.

ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಸಾಕುಪ್ರಾಣಿ ಒಯ್ಯುವವರಿಗೆಂದೇ ಒಂದು ಅರ್ಜಿ ನಮೂನೆ ಇಟ್ಟಿದೆ. ಅದನ್ನು ಓದಿದರೆ ಹೆಣ್ಣು ನೋಡಲು ಬಂದವರ ನೆನಪಾಗುತ್ತದೆ. ಹುಟ್ಟಿದ್ದು ಎಲ್ಲಿ, ಯಾವಾಗ? ಸಾಕಣೆಯಲ್ಲಿ ಮರಿಯಾದದ್ದೋ ಕಾಡಿನಿಂದ ಬಂದದ್ದೋ? ಮರಿ ಮಾಡಿಸಿದವರು ಯಾರು, ಅವರ ಬರಹ ಇದೆಯೇ? ಆಫ್ರಿಕಾದಿಂದ ತರಿಸಿದ್ದಾದರೆ ಆಗ ಬಂದ ಪರವಾನಗಿಯ ಸಂಖ್ಯೆ ಏನು? ಒಟ್ಟಿನಲ್ಲಿ ಹಾವಿನ ಜಾತಕ ಬೇಕು. ವಾರಾಂತ್ಯದ ಸರೀಸೃಪ ಸಂತೆಯಲ್ಲಿ ನಗದು ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದ ಮರಿಗೆ ಜಾತಕ ಎಲ್ಲಿಂದ ಬರಬೇಕು? ಐದು ವರ್ಷದ ಹಿಂದೆ ಎರಡು ನಿಮಿಷ ನಿಂತು ಒಂದು ಚೀಟಿ ಬರೆಸಿಕೊಂಡಿದ್ದರೆ ಆಗುತ್ತಿದ್ದ ಕೆಲಸಕ್ಕೆ ಈಗ ಊರೂರು ಫೋನು ಮಾಡಿ ಮಾರಿದವನನ್ನು ಹುಡುಕಬೇಕು. ಅವನು ಅಷ್ಟರಲ್ಲಿ ಹಾವು ಬಿಟ್ಟು ಮೀನಿನ ವ್ಯಾಪಾರಕ್ಕೆ ಇಳಿದಿರಬಹುದು.

ಜಾತಕ ಸಿಕ್ಕಿ ರಫ್ತು ಪರವಾನಗಿ ಬಂತೆನ್ನಿ. ಅದರ ಆಯುಸ್ಸು ಆರು ತಿಂಗಳು. ವನ್ಯಜೀವಿ ದಾಟಲು ಗೊತ್ತುಪಡಿಸಿದ ನಿಲ್ದಾಣಗಳ ಮೂಲಕವೇ ಹೋಗಬೇಕು. ಡಲ್ಲಾಸಿನವರ ಅದೃಷ್ಟಕ್ಕೆ ಅವರ ಊರು ಪಟ್ಟಿಯಲ್ಲಿದೆ. ಹೊರಡುವ 48 ಗಂಟೆ ಮೊದಲೇ ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ಘೋಷಣಾ ಪತ್ರ ತುಂಬಬೇಕು, ಅವರು ಪೆಟ್ಟಿಗೆ ತೆರೆಸಿ ಕಾಗದದ ಹಾವೂ ಚೀಲದ ಹಾವೂ ಒಂದೇ ಎಂದು ನೋಡಬೇಕು. ಇತ್ತ ವಿಮಾನ ಸಂಸ್ಥೆಯ ಒಪ್ಪಿಗೆ ಬೇರೆ. ಸರೀಸೃಪ ಸಾಮಾನ್ಯವಾಗಿ ಕ್ಯಾಬಿನ್ನಿನಲ್ಲಿ ಬರುವಂತಿಲ್ಲ, ಕಾರ್ಗೋದಲ್ಲೇ ಬರಬೇಕು. ಬೇಸಿಗೆಯ ಡಲ್ಲಾಸಿನ ರನ್‌ವೇ ಕಾದ ಕಾವಲಿ. ಶೀತರಕ್ತದ ಜೀವಿಗೆ ತನ್ನ ಮೈಯ ಬಿಸಿಯನ್ನು ತಾನೇ ಹದ ಮಾಡಿಕೊಳ್ಳುವ ಶಕ್ತಿ ಇಲ್ಲ. ಆದ್ದರಿಂದ ತಿಂಗಳನ್ನೂ ಲೆಕ್ಕ ಹಾಕಿಯೇ ಟಿಕೆಟ್ ಮಾಡಬೇಕು.

ಇನ್ನು ಬೆಂಗಳೂರಿನ ಕಡೆಯ ಬಾಗಿಲು. ನಾಯಿ, ಬೆಕ್ಕು ಬರುವ ದಾರಿ ಸವೆದ ದಾರಿ. ಲಸಿಕೆಯ ಕಾರ್ಡು, ಆರೋಗ್ಯ ಪತ್ರ, ಪ್ರಾಣಿ ಕ್ವಾರಂಟೈನ್ ಕೇಂದ್ರದ ಒಪ್ಪಿಗೆ ಹಿಡಿದು ಬಂದರೆ ಅಧಿಕಾರಿಗಳಿಗೂ ರೂಢಿ ಇದೆ. ಹಾವಿಗೆ ಆ ಭಾಗ್ಯವಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಸಲಹಾಸೂಚಿಯ ಪ್ರಕಾರ ವಿದೇಶಿ ಪ್ರಾಣಿಯನ್ನು ತರಿಸಬೇಕಾದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪರವಾನಗಿ ಪಡೆಯಬೇಕು, ಆ ಅರ್ಜಿಯ ಜೊತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ನಿರಾಕ್ಷೇಪಣಾ ಪತ್ರ ಇರಬೇಕು. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಸೈಟ್ಸ್ ಪಟ್ಟಿಯ ಪ್ರಾಣಿಗಳಿಗೆಂದೇ ಹೊಸ ಅನುಸೂಚಿ ಬಂತು. 2024ರ ಫೆಬ್ರುವರಿಯ ನಿಯಮಗಳು ಅಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎನ್ನುತ್ತವೆ. ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೆ ಅದನ್ನೂ ತಿಳಿಸಬೇಕು. ಹೀಗೆ ಎರಡು ಖಂಡಗಳ ಅರ್ಧ ಡಜನ್ ಮೇಜುಗಳ ಮುಂದೆ ಒಂದು ಮಗುವಿನ ಹಾವಿನ ಕಡತ ಕೂರುತ್ತದೆ. ಇಲ್ಲಿ ಒಂದು ಸಹಿ ತಡವಾದರೆ ಅಲ್ಲಿ ಪರವಾನಗಿಯ ಆರು ತಿಂಗಳು ಕರಗುತ್ತದೆ.

ಇಷ್ಟೆಲ್ಲ ಓದಿದವರಿಗೆ ಇದು ಬಾಬುಗಳ ಕಿರಿಕಿರಿ ಎನಿಸಿದರೆ ಆಶ್ಚರ್ಯವಿಲ್ಲ. ಹಾಗೆ ಅನ್ನುವ ಮೊದಲು ಗುವಾಮ್ ದ್ವೀಪದ ಕಡೆ ನೋಡಬೇಕು. ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಸೈನ್ಯದ ಸರಕಿನೊಳಗೆ ಅವಿತು ಕಂದು ಮರಹಾವು ಅಲ್ಲಿಗೆ ತಲುಪಿತು. ಅಂಥ ಬೇಟೆಗಾರನನ್ನು ಅಲ್ಲಿನ ಹಕ್ಕಿಗಳು ಕಂಡೇ ಇರಲಿಲ್ಲ. ಕೆಲವೇ ದಶಕಗಳಲ್ಲಿ ದ್ವೀಪದ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಅಲ್ಲಿಂದ ಕಾಣೆಯಾದವು. ಹವಾಯಿ ಇದನ್ನು ನೋಡಿ ಪಾಠ ಕಲಿತಿದೆ. ಅಲ್ಲಿ ಹಾವು ಸಾಕಿದರೆ ಎರಡು ಲಕ್ಷ ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು.

ಗುವಾಮಿನದು ಯಾರೂ ಬೇಕೆಂದು ಮಾಡಿದ್ದಲ್ಲ. ಫ್ಲಾರಿಡಾದ ಕತೆ ನೇರವಾಗಿ ಸಾಕುವವರ ಮನೆಯಿಂದಲೇ ಶುರುವಾಗುತ್ತದೆ. ಬರ್ಮಾ ಹೆಬ್ಬಾವಿನ ಮರಿ ಅಂಗಡಿಯಲ್ಲಿ ಎರಡಡಿಯ ಮುದ್ದು. ನಾಲ್ಕೈದು ವರ್ಷದಲ್ಲಿ ಅದು ಹನ್ನೆರಡು ಅಡಿ ದಾಟಿ ಕೋಣೆಗೆ ಹಿಡಿಸದಾಗುತ್ತದೆ. ಬಿಟ್ಟವರೂ ಇದ್ದರು, ತಪ್ಪಿಸಿಕೊಂಡವೂ ಇದ್ದವು. ಎವರ್‌ಗ್ಲೇಡ್ಸ್ ಜೌಗು ಅವಕ್ಕೆ ತವರಿನಂತೆ ಒಗ್ಗಿತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿನ ರಸ್ತೆಗಳಲ್ಲಿ ರಾತ್ರಿ ಕಾಣುವ ಪ್ರಾಣಿಗಳನ್ನು ಎಣಿಸಿ ಹಿಂದಿನ ಲೆಕ್ಕಕ್ಕೆ ಹೋಲಿಸಿತು: ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ 99.3ರಷ್ಟು ಇಳಿದಿತ್ತು, ಒಪೊಸಮ್‌ಗಳು ಶೇ 98.9. ಅದೇ ವರ್ಷ ಅಮೆರಿಕ ಬರ್ಮಾ ಹೆಬ್ಬಾವನ್ನು ‘ಹಾನಿಕಾರಕ’ ಪಟ್ಟಿಗೆ ಸೇರಿಸಿ ಆಮದು ನಿಲ್ಲಿಸಿತು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ.

ನಾಯಿ ಬಿಟ್ಟರು, ಬೇಟೆಯ ಸ್ಪರ್ಧೆ ಇಟ್ಟರು, ಹೆಬ್ಬಾವಿನ ಮೈಯೊಳಗೆ ರೇಡಿಯೊ ಇಟ್ಟು ಹಿಂಬಾಲಿಸಿದರು. ಕೊನೆಗೆ 2017ರ ಜನವರಿಯಲ್ಲಿ ತಮಿಳುನಾಡಿನಿಂದ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನ ಇಬ್ಬರನ್ನು ಕರೆಸಿಕೊಂಡರು: ಮಾಸಿ ಸದಯ್ಯನ್ ಮತ್ತು ವಡಿವೇಲ್ ಗೋಪಾಲ್. ಅವರ ಜೊತೆ ಇದ್ದವರು ರೋಮುಲಸ್ ವಿಟೇಕರ್, ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ಹಾವಿನ ತಜ್ಞ. ದಪ್ಪ ಬೂಟು, ಜಿಪಿಎಸ್, ಲಾರಿಗಳ ಬೇಟೆಗಾರರ ನಡುವೆ ಈ ಇಬ್ಬರು ಕೈಯಲ್ಲೊಂದು ಸಲಾಕೆ ಹಿಡಿದು ನಿಧಾನಕ್ಕೆ ನಡೆದರು. ಹುಲ್ಲು ಯಾವ ಕಡೆಗೆ ಬಾಗಿದೆ, ಮರಳಿನ ಮೇಲೆ ಹೊಟ್ಟೆ ಎಳೆದ ಗುರುತು ಎಷ್ಟು ಹಳೆಯದು, ಪೊರೆ ಎಲ್ಲಿ ಬಿದ್ದಿದೆ ಎಂದು ನೋಡಿದರು. ಒಂದು ವಾರ ಚಿಲ್ಲರೆ ದಿನಗಳಲ್ಲಿ 13 ಹೆಬ್ಬಾವು ಹಿಡಿದರು, ಅದರಲ್ಲಿ ಒಂದು 16 ಅಡಿಯ ಹೆಣ್ಣು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಬಂದ ಹಾವು ಸಾಗರ ದಾಟಿ ಇರುಳರನ್ನು ಕರೆಸಿಕೊಂಡಿತು ಎಂದರೆ ಕಾಗದ ಕೇಳುವವರ ಸಿಟ್ಟಿಗೂ ಒಂದು ಅರ್ಥವಿದೆ.

ಹಾವು, ಆಮೆ ಒಂಟಿಯಾಗಿ ಬರುವುದಿಲ್ಲ ಎಂಬುದು ಇನ್ನೊಂದು ತಲೆನೋವು. ಮೈಮೇಲೆ ಉಣ್ಣೆಗಳು ಬರುತ್ತವೆ. ಆಫ್ರಿಕಾದ ದನಕರುಗಳನ್ನು ಕೊಲ್ಲುವ ‘ಹಾರ್ಟ್‌ವಾಟರ್’ ಎಂಬ ರೋಗವನ್ನು ಹೊರುವ ಉಣ್ಣೆಗಳು ಸಾಕಲು ತರಿಸಿದ ಆಮೆಗಳ ಸಂದುಗಳಲ್ಲಿ ಕೂತು ಫ್ಲಾರಿಡಾ ತಲುಪಿದ್ದವು. ಹಾಗಾಗಿ 2000ದ ಮಾರ್ಚ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಚಿರತೆ ಆಮೆಯೂ ಸೇರಿ ಮೂರು ಬಗೆಯ ಆಫ್ರಿಕನ್ ಆಮೆಗಳ ಆಮದನ್ನೇ ತಡೆಯಿತು. ಒಂದು ಉಣ್ಣೆ ಏನು ಮಾಡೀತು ಎಂದು ಮಲೆನಾಡಿನವರು ಕೇಳುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ಜೀವ ತೆಗೆಯುತ್ತದೆ.

ಕಟ್ಟುನಿಟ್ಟು ಸರಿ. ಆದರೆ ಒಂದೊಂದು ದೇಶದ್ದು ಒಂದೊಂದು ರಾಗ, ಅದನ್ನು ಕೆಂಪುಕಿವಿ ಆಮೆಯಷ್ಟು ಚೆನ್ನಾಗಿ ಯಾರೂ ಹೇಳಲಾರರು. ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಗಲದ ಹಸಿರು ಮರಿಯಾಗಿ ಸಿಗುವ, ಕಣ್ಣಿನ ಹಿಂದೆ ಕೆಂಪು ಗೀಟಿರುವ ಆಮೆ ಅದು. ಸಿಂಗಪುರದಲ್ಲಿ ಮನೆಯಲ್ಲಿ ಸಾಕಲು ಬಿಟ್ಟಿರುವ ಬೆರಳೆಣಿಕೆಯ ಸರೀಸೃಪಗಳಲ್ಲಿ ಇದೂ ಒಂದು. ಹಾವು, ಇಗ್ವಾನಾ ಅಲ್ಲಿ ಬೇಡವೇ ಬೇಡ. ಯುರೋಪಿಯನ್ ಒಕ್ಕೂಟದಲ್ಲಿ ಇದೇ ಆಮೆ 2016ರಿಂದ ಆಕ್ರಮಣಕಾರಿ ಜೀವಿ. ಮೊದಲೇ ಮನೆಯಲ್ಲಿದ್ದುದು ಸಾಯುವವರೆಗೆ ಇರಬಹುದು, ಹೊಸದನ್ನು ತರುವಂತಿಲ್ಲ, ಮಾರುವಂತಿಲ್ಲ. ಜಪಾನ್ 2023ರ ಜೂನ್‌ನಿಂದ ಮಾರಾಟವನ್ನೂ ಕೆರೆಗೆ ಬಿಡುವುದನ್ನೂ ನಿಷೇಧಿಸಿ, ಮನೆಯಲ್ಲಿ ಸಾಕುವುದಕ್ಕೆ ಮಾತ್ರ ರಿಯಾಯಿತಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕಲೆಂದು ಮಾರುವಂತಿಲ್ಲ, ಇದು 1975ರಿಂದ. ಮಕ್ಕಳು ಬಾಯಿಗಿಟ್ಟುಕೊಂಡು ಸಾಲ್ಮೊನೆಲ್ಲಾ ಅಂಟಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೇಲೆ ಕೆರೆಗೆ ಬಿಟ್ಟು ಪುಣ್ಯ ಬಂತೆಂದು ಕೈ ಮುಗಿಯುವವರಿದ್ದಾರೆ. ಬೆಂಗಳೂರಿನ ಕೆರೆಗಳಲ್ಲಿ ಬಿಸಿಲು ಕಾಯಿಸುತ್ತ ಕೂತ ಕೆಂಪುಕಿವಿಗಳು ಆ ಪುಣ್ಯದ ಫಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೊರಟವರು ಅರ್ಜಿ ಹುಡುಕುವ ಶ್ರಮವನ್ನೂ ಪಡಬೇಕಿಲ್ಲ. ಸಾಕುಪ್ರಾಣಿಯಾಗಿ ಸರೀಸೃಪಕ್ಕೆ ಅಲ್ಲಿ ಬಾಗಿಲೇ ಇಲ್ಲ. ಯುರೋಪಿಗೆ ಹೋಗುವವರು ಮಾತ್ರ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ: ಎರಡನೇ ಅನುಬಂಧದ ಪ್ರಾಣಿಗೆ ಸೈಟ್ಸ್ ಕೇಳುವುದು ಹೊರಡುವ ದೇಶದ ಪರವಾನಗಿಯೊಂದನ್ನೇ, ಯುರೋಪಿಯನ್ ಒಕ್ಕೂಟ ಅವುಗಳಲ್ಲಿ ಬಹುಪಾಲಿಗೆ ತನ್ನ ಕಡೆಯ ಆಮದು ಪರವಾನಗಿಯನ್ನೂ ಕೇಳುತ್ತದೆ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಲಂಡನ್ನಿನಿಂದ ಪ್ಯಾರಿಸ್ಸಿಗೆ ರೈಲು ದೂರದಲ್ಲಿರುವ ಆಮೆಗೂ ಎರಡೂ ಕಡೆಯ ಕಾಗದ ಬೇಕಾಗಿದೆ.

ಹಿಂದಿನವರಿಗೆ ಈ ಯಾವ ರಗಳೆಯೂ ಇರಲಿಲ್ಲ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ‘ಅದ್ವೈತ’ ಎಂಬ ದೈತ್ಯ ಆಮೆ ಅಲ್ಡಾಬ್ರಾ ದ್ವೀಪದ್ದು. ಒಂದು ಕಾಲಕ್ಕೆ ರಾಬರ್ಟ್ ಕ್ಲೈವ್‌ನ ತೋಟದಲ್ಲಿತ್ತು ಎಂಬ ಪ್ರತೀತಿ. ಇಂಗ್ಲೆಂಡಿನ ಪೌಡರ್‌ಹ್ಯಾಮ್ ಕೋಟೆಯಲ್ಲಿ 2004ರಲ್ಲಿ ಸತ್ತ ‘ತಿಮೊಥಿ’ ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ಸೆವಾಸ್ತೊಪೋಲ್ ಕಂಡು ಬಂದ ಆಮೆ. ಅದು ಗಂಡಲ್ಲ, ಹೆಣ್ಣು ಎಂದು ಮನೆಯವರಿಗೆ ಗೊತ್ತಾದದ್ದು 1926ರಲ್ಲಿ. ಯಾವ ಅರ್ಜಿಯಲ್ಲೂ ‘ಲಿಂಗ’ ಎಂಬ ಕಾಲಂ ತುಂಬುವ ಪ್ರಮೇಯ ಬಂದಿರಲಿಲ್ಲವಲ್ಲ.

ಸಾಕುವ ಆಸೆ ಕಾಡನ್ನು ಹೇಗೆ ಬರಿದು ಮಾಡುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಕಾಡು ಸಾಕು. ನಕ್ಷತ್ರ ಆಮೆ ಅಲ್ಲಿನದು. ಬೆನ್ನ ಮೇಲೆ ಹಳದಿ ಕಿರಣಗಳ ಚಿತ್ತಾರ ಹೊತ್ತು ಹುಟ್ಟಿದ್ದೇ ಅದರ ತಪ್ಪು. ಮನೆಯಲ್ಲಿದ್ದರೆ ಅದೃಷ್ಟ ಎಂಬ ನಂಬಿಕೆ ಒಂದು ಕಡೆ, ಹೊರದೇಶದ ಶೋಕಿಯವರ ಬೇಡಿಕೆ ಇನ್ನೊಂದು ಕಡೆ. ಮಣ್ಣುಮುಕ್ಕ ಹಾವಿಗೆ ‘ಎರಡು ತಲೆ’ ಹಚ್ಚಿ ಮಾರುವ ದಂಧೆಗೂ ಇದಕ್ಕೂ ಬೇರು ಒಂದೇ. ಆಮೆಗಳನ್ನು ಕಾಲ್ಚೀಲದಲ್ಲಿ ತುರುಕಿ, ಅಂಟುಟೇಪು ಸುತ್ತಿ ಸೂಟ್‌ಕೇಸಿಗೆ ತುಂಬುತ್ತಾರೆ. 2019ರಲ್ಲಿ ಜಿನೀವಾದ ಸೈಟ್ಸ್ ಸಭೆ, ಭಾರತವೂ ಸೇರಿದಂತೆ ಕೆಲವು ದೇಶಗಳ ಪ್ರಸ್ತಾವದ ಮೇಲೆ, ಇದನ್ನು ಒಂದನೇ ಅನುಬಂಧಕ್ಕೆ ಏರಿಸಿತು. ಅದಕ್ಕೂ ಮೊದಲು, 2018ರ ನವೆಂಬರ್‌ನಲ್ಲಿ, ಸಿಂಗಪುರದಲ್ಲಿ ವಶವಾಗಿದ್ದ 51 ನಕ್ಷತ್ರ ಆಮೆಗಳು ವಿಮಾನ ಹತ್ತಿ ಬೆಂಗಳೂರಿಗೆ ಬಂದಿಳಿದವು. ಕದ್ದು ಹೋದದ್ದು ಕಾನೂನಿನ ಪ್ರಕಾರ ಮನೆಗೆ ಮರಳಿದ ಅಪರೂಪದ ಪ್ರಸಂಗ ಅದು. ಕಳ್ಳ ಒಂದು ರಾತ್ರಿಯಲ್ಲಿ ದಾಟಿಸಿದ ಆಮೆಯನ್ನು ವಾಪಸು ತರಲು ಎರಡು ದೇಶಗಳ ಇಲಾಖೆಗಳು, ಸ್ವಯಂಸೇವಾ ಸಂಸ್ಥೆಗಳು ಕೂಡಿ ಕಾಗದ ಹೊಂದಿಸಬೇಕಾಯಿತು.

ಎದುರು ದಿಕ್ಕಿನ ಸಂಚಾರವೂ ಕಡಿಮೆಯಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು: ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಆಮೆ, ಜೊತೆಗೆ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿ. ಮುಂದಿನ ತಿಂಗಳೇ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಆಗುಂಬೆಯ ಕಾಡಿನಲ್ಲಿ ತಾನಾಗಿ ಹುಟ್ಟುವ ಕಾಳಿಂಗ ಕರ್ನಾಟಕಕ್ಕೆ ಬ್ಯಾಂಕಾಕಿನಿಂದ ಬರಬೇಕಾಯಿತು! 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡಾಗಳು. ಅವುಗಳ ತವರು ದಕ್ಷಿಣ ಅಮೆರಿಕದ ಜೌಗು. ಬದುಕಿದ್ದ ಹಾವುಗಳನ್ನು ಬಂದ ದೇಶಕ್ಕೇ ಮರಳಿ ಕಳಿಸುವುದು ಇಂಥ ಕಡೆ ರೂಢಿ. ಪರದೇಶಿ ಎಂದರೆ ಬೇರೆ ದೇಶದವನು ಎಂದೂ ಹೌದು, ದಿಕ್ಕಿಲ್ಲದವನು ಎಂದೂ ಹೌದು. ಆ ಪದದ ಎರಡೂ ಅರ್ಥ ಒಂದೇ ಸೂಟ್‌ಕೇಸಿನಲ್ಲಿ ಸಿಗುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಕಳ್ಳಸಾಗಣೆದಾರನಿಗೆ ಯಾವ ನಿಯಮವೂ ಭಾರವಲ್ಲ, ಅವನು ಅರ್ಜಿಯನ್ನೇ ಹಾಕುವುದಿಲ್ಲ. ಭಾರವೆಲ್ಲ ಬೀಳುವುದು ಅರ್ಜಿ ಹಾಕುವವನ ಮೇಲೆ. ಅದರ ಪರಿಹಾರ ನಿಯಮ ಸಡಿಲಿಸುವುದು ಎಂದು ಸಾಕುವವರ ಗುಂಪುಗಳು ವಾದಿಸುತ್ತವೆ. ಗುವಾಮ್ ಕಂಡವರು ಅದಕ್ಕೆ ತಲೆದೂಗಲಾರರು. ತಪ್ಪು ಇರುವುದು ಕಟ್ಟುನಿಟ್ಟು ಎಲ್ಲಿ ಬಿಗಿಯಬೇಕು ಎಂಬುದರಲ್ಲಿ. ವಿಮಾನ ನಿಲ್ದಾಣ ಕತೆಯ ಕೊನೆಯ ಪುಟ. ಮೊದಲ ಪುಟ ಅಂಗಡಿ. ಅಲ್ಲಿ ಹಾವು ಕೈ ಬದಲಾಗುವಾಗ ಯಾರೂ ಏನೂ ಕೇಳುವುದಿಲ್ಲ, ಕೇಳಿದರೆ ‘ಸಾರ್, ಎಲ್ಲಾ ಓಕೆ’ ಎಂಬ ಭರವಸೆ ಸಿಗುತ್ತದೆ. ಎರಡು ಗ್ರಾಂ ಉಂಗುರಕ್ಕೆ ಹಾಲ್‌ಮಾರ್ಕ್ ಸಂಖ್ಯೆ ನೋಡಿ ಕೊಳ್ಳುವ ಜನ ಮೂವತ್ತು ವರ್ಷ ಬದುಕುವ ಜೀವಿಯನ್ನು ಬಿಲ್ಲಿಲ್ಲದೆ ಮನೆಗೆ ತರುತ್ತಾರೆ.

2020ರ ಸಲಹಾಸೂಚಿಯ ಜೊತೆ ಬಂದ ಸ್ವಯಂಘೋಷಣೆಯ ಅವಕಾಶವನ್ನೂ ಈ ಬೆಳಕಿನಲ್ಲಿ ನೋಡಬೇಕು. ಗಡುವಿನೊಳಗೆ ಘೋಷಿಸಿಕೊಂಡವರಿಂದ ಮೂಲದ ದಾಖಲೆ ಕೇಳುವುದಿಲ್ಲ ಎಂದಿತು ಸರ್ಕಾರ. ಯಾರ ಮನೆಯಲ್ಲಿ ಏನಿದೆ ಎಂಬ ಲೆಕ್ಕವಾದರೂ ಸಿಗಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಅದು ಹೊರಡಿಸಿದ ಜಾತಕದಲ್ಲಿ ಹುಟ್ಟಿದ ಊರು, ಘಳಿಗೆ ಖಾಲಿ. ಈಗ ಯಾರ ಬಳಿ ಇದೆ ಎನ್ನುತ್ತದೆಯೇ ಹೊರತು ಎಲ್ಲಿಂದ ಬಂತು ಎನ್ನುವುದಿಲ್ಲ. ನಾಳೆ ಆ ಮನೆಯವರಿಗೆ ಮ್ಯೂನಿಕ್ಕಿನಲ್ಲೋ ಟೊರಾಂಟೊದಲ್ಲೋ ಕೆಲಸ ಸಿಕ್ಕರೆ, ಸೈಟ್ಸ್ ಕೇಳುವ ಪ್ರಶ್ನೆ ಇದು: ಈ ಜೀವಿ ಕಾನೂನಿನ ದಾರಿಯಲ್ಲೇ ಸಿಕ್ಕಿತೇ? ಘೋಷಣೆಯ ಚೀಟಿಯ ಬಳಿ ಅದಕ್ಕೆ ಉತ್ತರವಿಲ್ಲ.

ಪ್ರಾಮಾಣಿಕರ ಹಾದಿ ಚಿಕ್ಕದಾಗಲು ಒಪ್ಪಂದದೊಳಗೇ ಒಂದು ಉಪಾಯವಿದೆ. 1997ರಲ್ಲಿ ಹರಾರೆಯಲ್ಲಿ ಸೇರಿದ ಸೈಟ್ಸ್ ಸಭೆ, ಸ್ವಂತ ಪ್ರಾಣಿಯ ಜೊತೆ ಪದೇ ಪದೇ ಗಡಿ ದಾಟುವವರಿಗೆ ಒಡೆತನದ ಪ್ರಮಾಣಪತ್ರ ಕೊಡಬಹುದು ಎಂದಿತು. ಒಂದು ಪ್ರಾಣಿಗೆ ಒಂದು ಪತ್ರ, ಮೈಕ್ರೋಚಿಪ್ಪಿನಂಥ ಅಳಿಸಲಾಗದ ಗುರುತು ಕಡ್ಡಾಯ, ಮೂರು ವರ್ಷದವರೆಗೆ ಬಾಳಿಕೆ, ಪ್ರತಿ ಗಡಿಯಲ್ಲೂ ಕಸ್ಟಮ್ಸ್ ಮುದ್ರೆ. ಅದು ಕೈಯಲ್ಲಿರುವಾಗ ಪ್ರಾಣಿಯನ್ನು ಮಾರುವಂತಿಲ್ಲ. ಹೆಚ್ಚುಕಡಿಮೆ ಪಾಸ್‌ಪೋರ್ಟೇ. ಕೊಡುವ ದೇಶವೂ ಒಪ್ಪುವ ದೇಶವೂ ಜೊತೆಗೂಡಿದರೆ ಮಾತ್ರ ನಡೆಯುವಂಥದ್ದು. ಪರಿವೇಶ್‌ನ ನೋಂದಣಿಯನ್ನು ಇಂಥ ಪತ್ರಕ್ಕೆ ಜೋಡಿಸುವ ಕೆಲಸವನ್ನು ಸಚಿವಾಲಯ ಕೈಗೆತ್ತಿಕೊಳ್ಳಬೇಕು. ಅದಕ್ಕೂ ಮೊದಲು ಮಾರಾಟದ ಬಿಲ್ಲಿನಲ್ಲಿ ನಾಲ್ಕು ಸಾಲು ಕಡ್ಡಾಯವಾಗಲಿ: ವೈಜ್ಞಾನಿಕ ಹೆಸರು, ಮರಿಯಾದ ಸ್ಥಳ ಮತ್ತು ದಿನ, ಸಾಕಣೆದಾರನ ನೋಂದಣಿ ಸಂಖ್ಯೆ, ತರಿಸಿದ್ದಾದರೆ ಪರವಾನಗಿ ಸಂಖ್ಯೆ. ಈ ನಾಲ್ಕು ಬರೆಯಲಾಗದ ಅಂಗಡಿ ಹಾವು ಮಾರುವುದೇ ಬೇಡ.

ಕೊಳ್ಳುವವರೂ ಒಂದು ಲೆಕ್ಕ ಹಾಕಿಕೊಳ್ಳಬೇಕು. ಅಮೆರಿಕದ ಎಚ್-1ಬಿ ವೀಸಾ ಒಮ್ಮೆಗೆ ಮೂರು ವರ್ಷದ್ದು. ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಬಾಲ್ ಪೈಥಾನ್ 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ವಯಸ್ಸು ಕನಿಷ್ಠ 62 ಎಂದು ಅಂದಾಜು, ಹದಿನೈದು ವರ್ಷಕ್ಕೂ ಮೇಲೆ ಗಂಡಿನ ಸಂಗವಿಲ್ಲ. ಎಲ್ಲ ಹಾವೂ ಅಷ್ಟು ಕಾಲ ಬಾಳುವುದಿಲ್ಲ; ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಮಾಮೂಲು. ಆಮೆಯ ಲೆಕ್ಕದಲ್ಲಿ ಅದೂ ಬಾಲ್ಯ. ಊರಿಂದೂರಿಗೆ, ದೇಶದಿಂದ ದೇಶಕ್ಕೆ ಕಂಪನಿ ಕಳಿಸಿದ ಕಡೆ ಗಂಟುಮೂಟೆ ಕಟ್ಟುವ ಬದುಕಿನಲ್ಲಿ ಹತ್ತು ವರ್ಷದ ಮಗು ಆರಿಸಿದ ಹಾವು ಆ ಮಗುವಿನ ಮದುವೆಯ ಹೊತ್ತಿಗೂ ಇರುತ್ತದೆ.

ಡಲ್ಲಾಸಿನ ಆ ಮನೆಯಲ್ಲಿ ಕೊನೆಗೆ ಏನಾಗಬಹುದು? ಸಾಕಣೆದಾರನ ಪತ್ತೆ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಹುಡುಗನಿಗೆ ಅದೇ ಊರಲ್ಲಿ ಹಾವು ಸಾಕುವ ಗೆಳೆಯನೊಬ್ಬ ಇರುತ್ತಾನೆ. ಬಿಡುವ ಹಿಂದಿನ ಭಾನುವಾರ ಅದಕ್ಕೆ ಇಲಿ ಕೊಡುವುದಿಲ್ಲ. ಸಂಜೆ ಅದೇ ಹತ್ತಿಯ ಚೀಲ ತಿರುವಿ ಹಾಕಿ, ಬಾಲ ಸಿಕ್ಕಿಲ್ಲವೆಂದು ತಡವಿ ನೋಡಿ ಗಂಟು ಬಿಗಿಯುತ್ತಾನೆ. ಕಾರಿನ ಹಿಂದಿನ ಸೀಟಿನಲ್ಲಿ, ಮಡಿಲ ಮೇಲೆ, ಇಪ್ಪತ್ತು ನಿಮಿಷದ ದಾರಿ. ಜೊತೆಗೊಂದು ಕಾಗದವನ್ನೂ ಬರೆದು ಕೊಡುತ್ತಾನೆ: ಯಾವ ಸಂತೆಯಲ್ಲಿ, ಯಾವ ದಿನ ಕೊಂಡದ್ದು, ಆಗ ತೂಕ ಎಷ್ಟಿತ್ತು, ಕಳೆದ ಸಲ ಪೊರೆ ಬಿಟ್ಟದ್ದು ಯಾವಾಗ.